ಹೊಲದಲ್ಲಿ ಸಿಕ್ಕ ಅಪ್ಪನ ವಾಚು

ಇವತ್ತು ಬೆಳೆ ವಿಷಯ ಅಲ್ಲ, ಆದ್ರೂ ಪೂರ್ತಿ ಓದಿ.

ಹೋದ ವಾರ ಕೆರೆ ಕಡೆ ಹೊಲದಲ್ಲಿ ಡ್ರಿಪ್ ಪೈಪಿಗೆ ಕಾಲುವೆ ತೆಗೀತಿದ್ವಿ. ಗುದ್ದಲಿಗೆ ಏನೋ ತಾಗ್ತು. ಡಬ್ಬಿ ಮುಚ್ಚಳ ಇರಬೇಕು ಅಂತ ಬಿಸಾಕೋದ್ರಲ್ಲಿದ್ದೆ, ಪಕ್ಕದಲ್ಲಿ ಕೀ ಕೊಡೋ ಗುಂಡಿ ಕಾಣಿಸ್ತು. ಕೈಗಡಿಯಾರ!

ಮಣ್ಣನ್ನ ಕೆರೆಯಲಿಲ್ಲ. ನೀರು ಚಿಮುಕಿಸಿ, ಹಳೇ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿದೆ. ಗಾಜು ಮಬ್ಬಾಗಿತ್ತು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಾಗ ಎಚ್‌ಎಂಟಿ ಅಂತ ಕಾಣ್ತು, ಅದರ ಜೊತೆ ಹಿಂದಿ ಅಕ್ಷರದಲ್ಲಿ 'ಜನತಾ'. ನನ್ನ ಎದೆ ಧಸಕ್ ಅಂತು.

ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡೋಕೆ ಶುರು ಮಾಡಿದ್ದು. ಆಮೇಲೆ ನಮ್ಮ ತುಮಕೂರಲ್ಲೂ ಕಾರ್ಖಾನೆ ಬಂತು. ಆ ಕಾಲಕ್ಕೆ ಮದುವೆ ಗಂಡಿಗೆ ವಾಚು ಅಂದ್ರೆ ಎಚ್‌ಎಂಟಿನೇ. ನಮ್ಮಪ್ಪನಿಗೂ ಮಾವನ ಮನೆಯಿಂದ ಜನತಾ ಬಂದಿತ್ತು. 1986ರ ಬೇಸಿಗೆಯಲ್ಲಿ ಅದು ಕಳೆದುಹೋಯ್ತು.

ಆದ್ರೆ ಊರಲ್ಲಿ ಎಷ್ಟೋ ಜನರ ಕೈಯಲ್ಲಿ ಜನತಾ ಇತ್ತು. ಇದು ಅಪ್ಪಂದೇ ಅಂತ ಹೇಗೆ ಹೇಳೋದು? ಪೇಟೆಯ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ಯಜಮಾನ್ರು ಹೇಳಿದ್ರು: ಹಿಂದಿನ ಮುಚ್ಚಳದ ಸುತ್ತ ಕಚ್ಚುಗಳಿದ್ರೆ ತಿರುಗಿಸಿ ತೆಗೀಬೇಕು, ಅಂಚಲ್ಲಿ ಒಂದೇ ಕಡೆ ಸಣ್ಣ ತುಟಿ ಇದ್ರೆ ಚಾಕು ಹಾಕಿ ಎಬ್ಬಿಸಬೇಕು. ಇದಕ್ಕೆ ತುಟಿ ಇತ್ತು. ಅಂಚಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ರು. ಬೆಳಗ್ಗೆ ಚಾಕು ಹಾಕಿದ್ರೆ ಟಕ್ ಅಂತ ಬಂತು. ಒಳಗೆ ಉಕ್ಕೆಲ್ಲ ತುಕ್ಕು, ಹಿತ್ತಾಳೆ ಹಸಿರು. ಕೆಂಪು ಕಲ್ಲುಗಳು ಮಾತ್ರ ಹಂಗೇ ಇದ್ವು.

ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ್ದು: 4-83. ರಿಪೇರಿಗೆ ಬಂದ ವಾಚಿಗೆ ಹಂಗೆ ತಾರೀಖು ಗೀಚೋದು ಹಳಬರ ರೂಢಿಯಂತೆ.

ಮನೆಗೆ ಬಂದು ಅಮ್ಮನಿಗೆ ತಾರೀಖು ಹೇಳದೆ ಕೇಳಿದೆ, ಅಪ್ಪ ವಾಚು ರಿಪೇರಿ ಮಾಡಿಸಿದ್ದು ಯಾವಾಗ ಅಂತ. "ನಿನ್ನ ತಂಗಿ ಹುಟ್ಟಿದ ತಿಂಗಳು, ನೀರು ಹೋಗಿ ನಿಂತೋಗಿತ್ತು" ಅಂದ್ಲು. ತಂಗಿ ಹುಟ್ಟಿದ್ದು 1983ರ ಏಪ್ರಿಲ್.

ಇನ್ನೊಂದು ವಿಷಯ. ಪಟ್ಟಿ ಸಿಕ್ಕಿಸೋ ಕಡ್ಡಿ ಒಂದು ಕಡೆ ತುಕ್ಕು ಹಿಡಿದು ಹಂಗೇ ಇತ್ತು, ಇನ್ನೊಂದು ಕಡೆದು ಇಲ್ಲ. ಕಡ್ಡಿ ಕಿತ್ತು ವಾಚು ತಾನೇ ಬಿದ್ದಿರಬೇಕು. ಆ ಬೇಸಿಗೆಯಲ್ಲಿ ತಿಪ್ಪೆ ಗೊಬ್ಬರ ಹೊಡೆದಿದ್ದು ಇದೇ ಹೊಲಕ್ಕೆ.

ಆಗ ನಮ್ಮನೇಲಿ ಸಂಬಳಕ್ಕಿದ್ದ ಅಣ್ಣನ ಮೇಲೆ ಅನುಮಾನ ಬಂದಿತ್ತು. ಅಪ್ಪ ಬಾಯಿಬಿಟ್ಟು ಕಳ್ಳ ಅನ್ನಲಿಲ್ಲ. ಆ ವರ್ಷದ ಸಂಬಳದಲ್ಲಿ ಎರಡು ಪಲ್ಲ ರಾಗಿ ಹಿಡಿದುಕೊಂಡ್ರು, ಅಷ್ಟೇ. ಊರಿಗೆ ಅಷ್ಟು ಸಾಕಾಯ್ತು. ಆಮೇಲೆ ಅವರನ್ನ ಯಾರೂ ಮನೆ ಕೆಲಸಕ್ಕೆ ಕರೀಲಿಲ್ಲ.

ಅಪ್ಪ ಈಗಿಲ್ಲ. ಆ ಅಣ್ಣ ಇದ್ದಾರೆ, ಕಣ್ಣು ಮಂಜಾಗಿದೆ. ನಿನ್ನೆ ಹೋಗಿ ವಾಚನ್ನ ಅವರ ಕೈಗಿಟ್ಟೆ. ಬೆರಳಲ್ಲಿ ಸವರಿ ನೋಡಿದ್ರು.

"ಗೊಬ್ಬರದ ಗಾಡೀಲಿ ಹೋಗೈತೆ ಅಂತ ಅವತ್ತೇ ಬಡ್ಕಂಡೆ ಕಣಪ್ಪ."

ನನಗೆ ಮಾತು ಹೊರಡಲಿಲ್ಲ. ಕಾಲು ಮುಟ್ಟಿದೆ. ಎರಡು ಪಲ್ಲ ರಾಗಿ ತಂದಿದೀನಿ ಅಂದೆ. "ರಾಗಿ ಇಳ್ಸು, ನಂದೇ ಅದು. ವಾಚು ನೀನೇ ಇಟ್ಕೋ. ಆದ್ರೆ ಊರೋರಿಗೆ ಹೇಳು" ಅಂದ್ರು.

ಅದಕ್ಕೇ ಬರೀತಿದೀನಿ. ನಮ್ಮೂರಿನೋರು ಈ ಪೇಜು ತುಂಬಾ ಜನ ನೋಡ್ತೀರಿ. ಯಾರು ಅಂತ ನಿಮಗೇ ಗೊತ್ತು. ಅವರು ಕದ್ದಿರಲಿಲ್ಲ. ತಪ್ಪು ನಮ್ಮ ಮನೇದು. ಸಂಜೆ ಅರಳಿಕಟ್ಟೆ ಹತ್ರ ಬನ್ನಿ, ಬಾಯಲ್ಲೂ ಹೇಳ್ತೀನಿ.