ಗಾಳಿ ಬಂದಾಗ ಹೋಗುವ ನೆಟ್ಟು

ಸಾಗರದ ಕಡೆಯ ತೋಟದ ಮನೆಯಲ್ಲಿ ಕೂತು ನಮ್ಮಕ್ಕ ಪೇಟೆಯ ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ಜಿಎಸ್‌ಟಿ ರಿಟರ್ನ್ ತುಂಬುವ ಗಡಿಬಿಡಿ. ಅರ್ಧ ತುಂಬಿದ್ದಾಗಲೇ ಕಂಪ್ಯೂಟರಿನ ನೆಟ್ ಹೋಗುತ್ತಿತ್ತು. ಫೋನ್ ಮಾಡಿ ದೂರಿದರೆ ಎಲ್ಲರದೂ ಒಂದೇ ಉತ್ತರ: ರೂಟರ್ ಆಫ್ ಮಾಡಿ ಆನ್ ಮಾಡಿ.

ಈ ಸಲಹೆ ನನಗೆ ಸೇರುವುದಿಲ್ಲ. ಆಫ್ ಮಾಡಿದರೆ ನೆಟ್ ಬರಬಹುದು. ಆದರೆ ಏಕೆ ಹೋಗಿತ್ತು ಎಂಬುದರ ಗುರುತೂ ಅಳಿಸಿಹೋಗುತ್ತದೆ. ರೋಗಿಯ ಜ್ವರ ಇಳಿಸಿ ವೈದ್ಯರ ಹತ್ತಿರ ಕರೆದೊಯ್ದ ಹಾಗೆ.

"ಅಕ್ಕಾ, ನೆಟ್ ಹೋದ ಕೂಡಲೇ ಏನನ್ನೂ ಮುಟ್ಟಬೇಡ. ಬರೆದಿಡು" ಅಂದೆ. ಗಂಟೆ ಎಷ್ಟು, ಮೊಬೈಲಿನಲ್ಲಿ ವೈಫೈ ನಡೆಯುತ್ತಿದೆಯೋ, ಫೈಬರ್ ಕೇಬಲ್ ಬಂದು ಸೇರುವ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಇದೆಯೋ, ಹೊರಗೆ ಮಳೆಯೋ ಗಾಳಿಯೋ. ಲೆಕ್ಕದವಳಲ್ಲವೇ, ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಳು. ಆ ಹಾಳೆ ನೋಡಿದಾಗ ತಿಳಿಯಿತು, ನಾವು ಒಂದೆಂದುಕೊಂಡ ಕಾಯಿಲೆ ಎರಡು.

ಮೊದಲನೆಯದು ಕಂಪ್ಯೂಟರಿನದೇ. ಊಟ ಮುಗಿಸಿ ಬಂದು ಕೂತಾಗ ಅದರಲ್ಲಿ ಮಾತ್ರ ನೆಟ್ ಇರುತ್ತಿರಲಿಲ್ಲ, ಮೊಬೈಲಿನಲ್ಲಿ ಇರುತ್ತಿತ್ತು. ಇಂಥಲ್ಲಿ ಹತ್ತಿರದಿಂದ ದೂರಕ್ಕೆ ಕೇಳುತ್ತಾ ಹೋಗಬೇಕು. ಅದಕ್ಕೆ 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ಇಂದಿಗೂ ಸಾಕು. ಮೊದಲು ರೂಟರನ್ನು, ಅಂದರೆ ಸಾಮಾನ್ಯವಾಗಿ 192.168.1.1 ಅನ್ನು ಕೂಗಬೇಕು. ಅದು ಓಗೊಟ್ಟರೆ ಹೊರಗಿನ ಸರ್ವರ್ 8.8.8.8. ಅದೂ ಓಗೊಟ್ಟು, ಜಾಲತಾಣದ ಹೆಸರು ಕೊಟ್ಟಾಗ ಮಾತ್ರ ಸೋತರೆ, ತಪ್ಪಿರುವುದು ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿ. ಅಕ್ಕನ ಕಂಪ್ಯೂಟರಿಗೆ ಪಕ್ಕದ ಕೋಣೆಯ ರೂಟರೇ ಸಿಗುತ್ತಿರಲಿಲ್ಲ. ವಿದ್ಯುತ್ ಉಳಿಸಲೆಂದು ವಿಂಡೋಸ್ ವೈಫೈ ಅಡಾಪ್ಟರನ್ನು ಮಲಗಿಸುತ್ತಿತ್ತು, ಅದು ಸರಿಯಾಗಿ ಏಳುತ್ತಿರಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಾಗೆ ಮಲಗಿಸುವ ಅನುಮತಿಯ ಟಿಕ್ ತೆಗೆದ ಮೇಲೆ ಆ ತೊಂದರೆ ನಿಂತಿತು.

ಎರಡನೆಯದು ಬೇರೆ ತರಹದ್ದು. ಮನೆಗೆ ಮನೆಯೇ ನೆಟ್ಟಿಲ್ಲ, ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ, ಸಿಗ್ನಲ್ ಬರುತ್ತಿಲ್ಲವೆಂದು ತೋರಿಸುವ ಕೆಂಪು ದೀಪ. ಅಕ್ಕನ ಹಾಳೆಯಲ್ಲಿ ಅಂಥ ಪ್ರತಿ ಸಾಲಿನ ಕೊನೆಗೂ "ಗಾಳಿ" ಎಂದಿತ್ತು, ಮಳೆ ಇರಲಿ ಬಿಡಲಿ.

ಫೈಬರಿನಲ್ಲಿ ಬರುವುದು ಬೆಳಕು. ಅದು ಹರಿಯುವ ಗಾಜಿನ ಎಳೆಯ ಒಳತಿರುಳು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಸಣ್ಣದು. ಎಳೆಯನ್ನು ಬಿಗಿಯಾಗಿ ಬಗ್ಗಿಸಿದರೆ ತಿರುವಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ಬಂದು ತಲುಪಿದ ಬೆಳಕೆಷ್ಟು ಎಂಬುದನ್ನು ಗೋಡೆಯ ಪೆಟ್ಟಿಗೆಯೇ ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. 3 ಅಂಕಿ ಇಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಮನೆಗಳಲ್ಲಿರುವ ಸಾಮಾನ್ಯ ಪೆಟ್ಟಿಗೆಗಳಿಗೆ ಮೈನಸ್ 27ರ ಆಸುಪಾಸೇ ಕಡೆಯ ಗಡಿ. ಗಾಳಿಯಿಲ್ಲದಾಗ ಅಕ್ಕನ ಮನೆಯ ಅಂಕಿ ಗಡಿಯ ಈಚೆಗೆ ನಿಂತಿರುತ್ತಿತ್ತು. ಗಾಳಿ ಬೀಸಿದರೆ ಜಾರುತ್ತಿತ್ತು.

ತೋಟಕ್ಕೆ ನಡೆದೆವು. ರಸ್ತೆಯಿಂದ ಮನೆಯವರೆಗೆ ಕಂಬವಿಲ್ಲ, ಅಡಿಕೆ ಮರದಿಂದ ಮರಕ್ಕೆ ಕೇಬಲ್ ಎಳೆದಿದ್ದರು. ಒಂದು ಮರಕ್ಕೆ ಅದನ್ನು ನೈಲಾನ್ ಹಗ್ಗದಿಂದ ಬಿಗಿದು ಗಂಟು ಹಾಕಿದ್ದರು. ಮರ ತೂಗಿದಾಗಲೆಲ್ಲ ಆ ಗಂಟಿನಲ್ಲಿ ಕೇಬಲ್ ಮಡಚಿಕೊಳ್ಳುತ್ತಿತ್ತು. ಮಲೆನಾಡಿನಲ್ಲಿ ಹೀಗೆ ಎಳೆದ ಎಷ್ಟೋ ಮನೆಗಳ ಲೈನುಗಳನ್ನು ಕಂಡಿದ್ದೇನೆ. ಅಡಿಕೆ ಮರ ಬಾಗುವ ಮರ, ಅದರ ಮೇಲೆ ಬಿಗಿ ಗಂಟು ಹಾಕುವುದು ತಪ್ಪು ಕೆಲಸ.

ಲೈನಿನ ಹುಡುಗ ಬಂದಾಗ ಅಕ್ಕ ಹಾಳೆ ತೋರಿಸಿದಳು. ಅವನು ಓದಿದ, ವಾದಿಸಲಿಲ್ಲ. ಏಣಿ ಹಾಕಿ ಹಗ್ಗ ಕೊಯ್ದು, ಕೇಬಲನ್ನು ಅಗಲ ಸುತ್ತಿನಲ್ಲಿ ಸಡಿಲವಾಗಿ ತೂಗುಬಿಟ್ಟ. ಅಂಕಿ ಮೈನಸ್ 20ಕ್ಕೆ ಬಂತು.

ಅದೇ ಮರದ ಮೇಲೆ ಕೆಳಮನೆಯವರ ಕೇಬಲೂ ಹಾದುಹೋಗಿತ್ತು. "ಇಳಿಬೇಡ ಮಾರಾಯ, ಅದರ ಗಂಟೂ ಬಿಚ್ಚು" ಅಂದಳು ಅಕ್ಕ. ಬಿಚ್ಚಿಸಿದ ಮೇಲೇ ಅವನಿಗೆ ಕಾಫಿ ಕೊಟ್ಟಳು.