ಗುರುತಿನ ಗೀಟು

ಹಳೆಯ ಕಾಗದಕ್ಕೆ ಬೆಲೆ ಕಟ್ಟುವವನೆಂದರೆ ನನಗೆ ಗೊತ್ತಿದ್ದುದು ತಕ್ಕಡಿ ಹಿಡಿದು ಬೀದಿಯಲ್ಲಿ ಕೂಗುತ್ತಾ ಬರುವವನೊಬ್ಬನೇ. ಕಿಲೋಗೆ ಇಷ್ಟು ಎಂದು ಅವನು, ಇನ್ನೊಂದು ರೂಪಾಯಿ ಸೇರಿಸಪ್ಪ ಎಂದು ನಾನು. ಹಾಗಿರುವಾಗ ಕಳೆದ ವರ್ಷ ಡೆನ್ವರಿಗೆ ಹೋದಾಗ, ಮಗ ಒಂದು ಹಳೆಯ ಕಾಮಿಕ್ಸ್ ಪುಸ್ತಕವನ್ನು ಸಾಲಿಗ್ರಾಮದಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ದು ನೋಡಿ ನಗು ಬಂತು. ಬೆಲೆ ಕೇಳಿದ ಮೇಲೆ ನಗು ನಿಂತಿತು. ಆರು ತಿಂಗಳು ಕೂಡಿಟ್ಟ ಹಣ!

"ಇದು ಬರೀ ಹಳೇ ಪುಸ್ತಕ ಅಲ್ಲಮ್ಮಾ, ಎಡ್ಗರ್ ಚರ್ಚ್ ಸಂಗ್ರಹದ್ದು" ಎಂದ.

ಈ ಚರ್ಚ್ ಕೊಲರಾಡೊ ರಾಜ್ಯದ ಒಬ್ಬ ಚಿತ್ರಕಾರ. ಟೆಲಿಫೋನ್ ಡೈರೆಕ್ಟರಿಯ ಜಾಹೀರಾತುಗಳಿಗೆ ಚಿತ್ರ ಬರೆಯುವುದು ಅವನ ಕಸುಬು. ಹತ್ತು ಸೆಂಟಿಗೊಂದರಂತೆ ಸಿಗುತ್ತಿದ್ದ ಕಾಮಿಕ್ಸ್‌ಗಳನ್ನು ವರ್ಷಗಟ್ಟಲೆ ಕೊಂಡು ಮನೆಯಲ್ಲಿ ಒಟ್ಟಿಟ್ಟಿದ್ದ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಸಂಚಿಕೆಯೂ ಅದರಲ್ಲಿತ್ತು. 1977ರಲ್ಲಿ ಮನೆಯವರು ಅದನ್ನೆಲ್ಲ ಮಾರಲು ಹೊರಟಾಗ ಚಕ್ ರೊಜಾನ್ಸ್ಕಿ ಎಂಬ ಯುವಕ ವ್ಯಾಪಾರಿ ಕೊಂಡುಕೊಂಡ. 18,000ಕ್ಕೂ ಹೆಚ್ಚು ಪುಸ್ತಕಗಳು! ಚರ್ಚ್ ಮರುವರ್ಷ ತೀರಿಕೊಂಡ. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ, ಅಂದರೆ ಸರಿಯಾಗಿ ಒಂದು ಮೈಲಿ. ಹಾಗಾಗಿ ಆ ರಾಶಿಗೆ 'ಮೈಲ್ ಹೈ' ಸಂಗ್ರಹವೆಂದೂ ಹೆಸರು. ಅದೇ ಸಂಚಿಕೆಯ ಬೇರೆ ಪ್ರತಿಗಿಂತ ಚರ್ಚ್ ಮನೆಯ ಪ್ರತಿಗೆ ಎಷ್ಟೋ ಪಟ್ಟು ಬೆಲೆ. ಬೆಲೆ ಇದ್ದಲ್ಲಿ ಕಳ್ಳಸಾಕ್ಷಿಯೂ ಇರುತ್ತದಲ್ಲ?

ಮಗನ ಮನಸ್ಸಿನಲ್ಲಿ ಹುಳ ಹೊಕ್ಕಿತ್ತು. ಒಂದು ಭಾನುವಾರ, ಹಳೆಯ ಕಾಮಿಕ್ಸ್ ಬಲ್ಲ ವೃದ್ಧರೊಬ್ಬರ ಮನೆಗೆ ನನ್ನನ್ನೂ ಕರೆದುಕೊಂಡು ಹೋದ.

ಅವರು ಮೊದಲು ನೋಡಿದ್ದು ಚಿತ್ರವನ್ನಲ್ಲ, ಹಾಳೆಯ ಬಣ್ಣವನ್ನು. ಕಾಮಿಕ್ಸ್ ಅಚ್ಚಾಗುತ್ತಿದ್ದುದು ಅಗ್ಗದ ಪತ್ರಿಕೆ ಕಾಗದದ ಮೇಲೆ. ಬೆಳಕು, ಸೆಕೆ, ತೇವ ತಾಗಿದರೆ ಅದು ಕಂದುತ್ತದೆ. ಚರ್ಚ್ ಮನೆಯವು ಒಂದರ ಮೇಲೊಂದು ಬಿಗಿಯಾಗಿ ಕತ್ತಲಲ್ಲಿ ಕೂತಿದ್ದವು. ಜೊತೆಗೆ ಆ ಊರಿನ ಒಣ ಹವೆ. ನಾನು ಹಾಕಿದ ಸಂಡಿಗೆ ಅಲ್ಲಿ ಮಧ್ಯಾಹ್ನದೊಳಗೇ ಗರಿಗರಿ ಎನ್ನುತ್ತಿತ್ತು ಎಂದರೆ ನೀವೇ ಊಹಿಸಿಕೊಳ್ಳಿ. ಅದಕ್ಕೇ ಅವುಗಳ ಹಾಳೆ ಇಂದಿಗೂ ಬಿಳುಪು. ಮಗನ ಪುಸ್ತಕದ ಅಂಚೋ, ಕಾವಲಿಯ ಮೇಲೆ ಮರೆತ ಚಪಾತಿಯ ಬಣ್ಣ.

ಆಮೇಲೆ ಕೇಳಿದ್ದು ಕೈ ಬದಲಾದ ಕಥೆ. 1977ರಿಂದ ಯಾರು ಯಾರಿಗೆ ಮಾರಿದರು? ಬಿಲ್ಲು ಇದೆಯೇ? ಯಾವುದಾದರೂ ಹರಾಜಿನ ಪಟ್ಟಿಯಲ್ಲಿ ಇದೇ ಪ್ರತಿಯ ಫೋಟೋ ಇದೆಯೇ? ಮಗನ ಬಳಿ ಇದ್ದುದು ಮಾರಿದವನು ಬರೆದುಕೊಟ್ಟ ಒಂದು ಚೀಟಿ ಮಾತ್ರ.

ಕೊನೆಯದು ಪೆನ್ಸಿಲಿನ ಗುರುತು. ಚರ್ಚ್ ಸಂಗ್ರಹದ ಅನೇಕ ಪ್ರತಿಗಳ ಹೊದಿಕೆಯ ಮೇಲೆ ಪೆನ್ಸಿಲಿನ ಸಣ್ಣ ಗುರುತುಗಳಿವೆ. ಬಲ್ಲವರು ಅದನ್ನು ಇತರ ಪ್ರತಿಗಳ ಗುರುತಿನೊಂದಿಗೆ ಹೋಲಿಸುತ್ತಾರೆ. ಮಗನ ಪುಸ್ತಕದಲ್ಲೂ ಇತ್ತು. ಹಿರಿಯರು ಭೂತಗನ್ನಡಿಯನ್ನು ನನ್ನ ಕೈಗೂ ಕೊಟ್ಟರು. ಹೊದಿಕೆಯ ಮಡಿಕೆಯಲ್ಲಿ ಬಣ್ಣ ಬಿರುಕು ಬಿಟ್ಟಿತ್ತು. ಪೆನ್ಸಿಲ್ ಗೀಟು ಆ ಬಿರುಕಿನ ಮೇಲೆ ಹಾದಿತ್ತು. ಗೀಟು ಮೊದಲು ಬಿದ್ದಿದ್ದರೆ, ಬಿರುಕು ಬಿಟ್ಟಾಗ ಅದೂ ತುಂಡಾಗಬೇಕಿತ್ತು. ಇಲ್ಲಿ ಸೀಸದ ಕಪ್ಪು ಬಿರುಕಿನೊಳಗೇ ಇಳಿದಿತ್ತು. ಪುಸ್ತಕ ಹಳೆಯದಾದ ಮೇಲೆ ಎಳೆದ ಗೀಟು ಅದು.

ಭೂತಗನ್ನಡಿ ಹಿಡಿದ ನನ್ನ ಕೈ ತಣ್ಣಗಾಯಿತು. ಇಂಥ ಗುರುತನ್ನು ನಾನು ಮೊದಲೇ ಕಂಡಿದ್ದೆ. ಕಂಡಿದ್ದೇನು, ಮಾಡಿಸಿದ್ದೆ.

ನಮ್ಮಮ್ಮನದೊಂದು ಹಿತ್ತಾಳೆ ಕೊಳದಪ್ಪಲೆ. ಅದು ಅಕ್ಕನಿಗೆ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. 1991ರಲ್ಲಿ ಅಮ್ಮ ಹೋದಳು. ವೈಕುಂಠ ಸಮಾರಾಧನೆಯ ದಿನ ಅಕ್ಕನ ಕೈ ಜಾರಿ ಅದು ಅಡುಗೆಮನೆಯ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಸೊಟ್ಟಗಾಯಿತು. ಅಕ್ಕ ಅಳುತ್ತಾ ಊರಿಗೆ ಹೋದಳು, ಪಾತ್ರೆ ನನ್ನಲ್ಲೇ ಉಳಿಯಿತು. ಮುಂದೆ ಜಾತ್ರೆಯಲ್ಲಿ ಹೆಸರು ಕೆತ್ತುವವನ ಮುಂದೆ ಕೂತು, ನನ್ನ ಹೆಸರು ಹಾಕಿಸಿಬಿಟ್ಟೆ. ಅಕ್ಕ ಕೇಳಿದಾಗ, "ನನ್ನ ಮದುವೇಲೇ ಅಮ್ಮ ಕೆತ್ತಿಸಿದ್ದು, ನೀನು ನೋಡಿರಲಿಲ್ಲವಾ?" ಎಂದೆ. ಅಕ್ಕ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಅಕ್ಷರಗಳು ಸೊಟ್ಟಿನ ಗುಳಿಯೊಳಗೆ ಇಳಿದು, ಒಂದೂ ನಜ್ಜುಗುಜ್ಜಾಗದೆ ಮೇಲೆ ಹತ್ತಿದ್ದವು. ಅವಳೇನೂ ಅನ್ನಲಿಲ್ಲ. ಅವಳಿಗೆ ಗೊತ್ತಾಗಿಲ್ಲವೆಂದು ನಾನು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಮಾರಿದವನು ಫೋನಿಗೇ ಸಿಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮಗ, "ನನ್ನ ಸ್ನೇಹಿತನೊಬ್ಬ ಕೊಂಡುಕೊಳ್ಳೋಕೆ ತಯಾರಿದ್ದಾನೆ. ಚೀಟಿ ಸಮೇತ ಅವನಿಗೇ ದಾಟಿಸಿಬಿಡಲಾ?" ಎಂದ. ಬೇರೆ ದಿನವಾಗಿದ್ದರೆ ನೀತಿಪಾಠ ಶುರುಮಾಡುತ್ತಿದ್ದೆ. ಅಂದು ಬಾಯಿ ಬರಲಿಲ್ಲ. ಸುಮಾರು ದೂರ ಸಾಗಿದ ಮೇಲೆ, ಕೊಳದಪ್ಪಲೆಯ ಕಥೆಯನ್ನೇ ಹೇಳಿದೆ. ಮಗ ರಸ್ತೆ ನೋಡುತ್ತಾ ಕೇಳಿಸಿಕೊಂಡ. ಮನೆಗೆ ಬಂದವನೇ ಮಾರಿದವನ ಚೀಟಿ ಹರಿದು, ಪುಸ್ತಕದ ಪ್ಲಾಸ್ಟಿಕ್ ಕವರಿಗೆ ಬೇರೊಂದು ಅಂಟಿಸಿದ: 'ಚರ್ಚ್ ಸಂಗ್ರಹದ್ದಲ್ಲ.' ಪುಸ್ತಕವನ್ನು ತನ್ನ ಕಪಾಟಿನಲ್ಲೇ ಇಟ್ಟುಕೊಂಡ.

ನಾನು ಗಡಿಯಾರದಲ್ಲಿ ಇಂಡಿಯಾದ ಬೆಳಗಿನ ಹೊತ್ತು ಲೆಕ್ಕ ಹಾಕಿ ಅಕ್ಕನಿಗೆ ಫೋನು ಮಾಡಿದೆ. ಮಾತು ತೊದಲಿತು. "ಅಕ್ಕಾ, ಅಮ್ಮನ ಕೊಳದಪ್ಪಲೆ ವಿಷಯ..."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕ ಅಂದಳು: "ಬೀಳಿಸಿದವಳು ನಾನೇ ಅಲ್ಲವೇನೇ? ಸೊಟ್ಟು ಯಾವಾಗ ಆಯ್ತು ಅಂತ ನನಗೆ ಗೊತ್ತಿರಲ್ಲವಾ? ಬರುವಾಗ ಕಲಾಯಿ ಹಾಕಿಸಿಕೊಂಡು ಬಾ. ಹೆಸರು ಅಳಿಸಬೇಡ, ಇರಲಿ."