ಜಗಲಿಯಲ್ಲಿ ಸಿಗುವ ನೆಟ್ಟು

ಕರಾವಳಿ ಸೀಮೆಯ ವಂಡ್ಸೆ ಕಡೆಯ ಮನೆಗಳಿಗೆ ಫೋನ್ ಮಾಡಿದರೆ ಮೊದಲು ಕೇಳುವ ಮಾತು: "ಹ್ವಾಯ್, ಕೇಂತಿಲ್ಲ, ಜಗಲಿಗ್ ಬತ್ತೆ, ನಿಲ್ಲಿ." ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳಿಗೆ ಅಮ್ಮನ ಮುಖ ಕಾಣುವುದು ವೀಡಿಯೊ ಕಾಲಿನಲ್ಲೇ. ಜಗಲಿಯಲ್ಲಿ ಓಡುವ ನೆಟ್ಟು ಅಡುಗೆಮನೆಯಲ್ಲಿ ಯಾಕೆ ನಿಂತುಬಿಡುತ್ತದೆ ಎಂಬುದು ಹಾಗಾಗಿ ನನಗೆ ಸಣ್ಣ ಪ್ರಶ್ನೆಯಲ್ಲ.

ಟವರ್ ಅದೇ, ಸಿಮ್ ಅದೇ. ನಡುವೆ ಗೋಡೆ ಬಂತು ನೋಡಿ. ಹಳೇ ಮನೆಗಳ ದಪ್ಪ ಮುರಕಲ್ಲು ಮೈತುಂಬ ತೂತಿನದು; ಆಸಾಡಿಯ ಹೊತ್ತಿಗೆ ನೀರು ಕುಡಿದು ಕೂತಿರುತ್ತದೆ. ಆ ನೀರೇ ರೇಡಿಯೊ ಅಲೆಯನ್ನು ಹೀರುವುದು. ನಾವು ಮಳೆಯನ್ನು ಬಯ್ಯುತ್ತೇವೆ. ಆದರೆ ಮೊಬೈಲಿನ ಅಲೆಗಳಿಗೆ ಬೀಳುವ ಹನಿಯಿಂದ ತೊಂದರೆ ತೀರಾ ಕಡಿಮೆ. ಒದ್ದೆ ಗೋಡೆ, ಒದ್ದೆ ಮರ, ಕರೆಂಟು ಹೋದ ಟವರ್, ಇವೇ ಅಸಲಿ ಕಾರಣ.

ಹಂಚಿನ ಮಾಡು ಮಾತ್ರ ಒಳ್ಳೆಯದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸುಡಲು ತೊಡಗಿದ ಆ ಹಂಚು ಬರೀ ಮಣ್ಣು. ಒಣಗಿದ್ದರೆ ಅಲೆ ಸುಲಭವಾಗಿ ದಾಟುತ್ತದೆ. ಹಳೇ ಮನೆಯ ಉಪ್ಪರಿಗೆಯಲ್ಲಿ ನೆಟ್ಟು ಚೆನ್ನಾಗಿ ಸಿಕ್ಕರೆ ಆಶ್ಚರ್ಯವಿಲ್ಲ. ಹೊಸ ಆರ್‌ಸಿಸಿ ಮನೆಗೆ ಕಬ್ಬಿಣದ ಸರಳು, ಅದರ ಮೇಲೆ ಮಳೆಗೆಂದು ಹೊದಿಸಿದ ತಗಡಿನ ಶೀಟು. ತಗಡು ಅಲೆಯನ್ನು ಬಂದ ದಾರಿಗೇ ಅಟ್ಟುತ್ತದೆ.

ಅಲೆಗಳಲ್ಲೂ ಜಾತಿಯುಂಟು. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ; ಗೋಡೆಯನ್ನು ಹೇಗೋ ದಾಟಿ ಬರುತ್ತದೆ, ಆದರೆ ಡೇಟಾ ಸಾಗುವ ಅದರ ಹಾದಿ ಕಿರಿದು. 5ಜಿಯ 3500 ಮೆಗಾಹರ್ಟ್ಸ್ ಆಸುಪಾಸಿನ ಅಲೆ 9 ಸೆಂಟಿಮೀಟರಿಗೂ ಕಡಿಮೆ. ಇದರ ಹಾದಿ ಹೆದ್ದಾರಿಯಷ್ಟು ಅಗಲ, ಗೋಡೆ ಕಂಡರೆ ಸುಸ್ತು. ಒಳಕೋಣೆಗೆ ಹೋದ ಫೋನು ಅಗಲದ್ದನ್ನು ಬಿಟ್ಟು ಕಿರಿದನ್ನು ಹಿಡಿಯುತ್ತದೆ. ಸಂಜೆ ಊರೆಲ್ಲ ಅದಕ್ಕೇ ಜೋತುಬಿದ್ದಾಗ ಕಡ್ಡಿ ತುಂಬಿದ್ದರೂ ವೀಡಿಯೊ ತಿರುಗುತ್ತಲೇ ಇರುತ್ತದೆ. ಇನ್ನೊಂದು ಸಂಗತಿ: ಟವರಿನದು ಹತ್ತಾರು ವಾಟ್‌ನ ದನಿ, ಫೋನಿನದು ಸಾಮಾನ್ಯವಾಗಿ 0.2 ವಾಟ್ ಆಸುಪಾಸು. ಹಾಗಾಗಿ ಮಗನ ಮುಖ ಅಮ್ಮನಿಗೆ ಸರಿಯಾಗಿ ಕಾಣುತ್ತಿರುತ್ತದೆ, ಅಮ್ಮನ ಮುಖ ಅವನ ಫೋನಿನಲ್ಲಿ ಕಲ್ಲಾಗಿರುತ್ತದೆ. ಗೋಡೆ, ಕಪಾಟುಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸುವುದೂ ಉಂಟು. ಆಗ ಫೋನನ್ನು ನಾಲ್ಕು ಬೆರಳು ಸರಿಸಿದರೂ ಸಾಕು, ಕೆಲಸವಾಗುತ್ತದೆ.

2021ರ ಜೂನಿನಲ್ಲಿ ಸುಳ್ಯದ ಬಳ್ಳಕ್ಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನೆನಪಿರಬಹುದು. ಅಲ್ಲಿಗೆ ಬೇಕಿದ್ದದ್ದು ಟವರ್. ಟವರ್ ಇದ್ದೂ ಒಳಗೆ ನೆಟ್ಟಿಲ್ಲದ ಮನೆಗೆ ಮದ್ದು ಬೇರೆ: ಕೇಬಲ್ಲು, ವೈಫೈ. ವೈಫೈ ಕಾಲಿಂಗ್ ಸೌಲಭ್ಯವಿರುವ ಫೋನಿನಲ್ಲಿ ಅದನ್ನು ಆನ್ ಮಾಡಿಟ್ಟರೆ ಮಾಮೂಲಿ ಕರೆಯೂ ಒಳಗೇ ಬರುತ್ತದೆ.

ಮನೆ ಕಟ್ಟಿಸುವವರೇ, ಸಾರಣೆಯಾಗುವ ಮೊದಲು ವೈರಿಂಗಿನವರಿಗೆ ಹೇಳಿ ಜಗಲಿಯಿಂದ ಒಳಕೋಣೆಯವರೆಗೆ ಆ ಕೇಬಲ್ಲಿಗೆಂದು ಒಂದು ಪೈಪು ಹೆಚ್ಚಿಗೆ ಹಾಕಿಸಿ. ಪ್ರಾಯವಾದವರು ಮಲಗುವ ಕೋಣೆಗೆ ತಪ್ಪದೆ ಹಾಕಿಸಿ.